ಬಿಟ್ಟ ಉಸಿರನ್ನೇ ಎಳೆದುಕೊಂಡು ನೀರಿನಾಳಕ್ಕೆ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ, ನಲವತ್ತಮೂರು ವರ್ಷದ ಇಂಜಿನಿಯರೊಬ್ಬರು ಪತ್ನಿಯೊಡನೆ ನನ್ನ ಕ್ಲಿನಿಕ್ಕಿಗೆ ಬಂದರು. ಜ್ವರವಿಲ್ಲ, ಕೆಮ್ಮಿಲ್ಲ. ಕೈಯಲ್ಲಿ ಮೂರು ಪುಟದ ಒಂದು ನಮೂನೆ ಮಾತ್ರ ಇತ್ತು. 'ಇದನ್ನ ತುಂಬಿ ಸಹಿ ಮಾಡಿಕೊಡಬೇಕು ಡಾಕ್ಟ್ರೇ' ಎಂದರು. ಕೆಲವು ವರ್ಷಗಳ ಹಿಂದೆ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗಿನ ರುಚಿ ಹತ್ತಿಸಿಕೊಂಡವರು ಅವರು. ಆಮೇಲೆ ಅಂಡಮಾನಿನಲ್ಲಿ ಕ್ರಮವಾಗಿ ತರಬೇತಿ ಪಡೆದು, ಇದುವರೆಗೆ ನೂರಕ್ಕೂ ಹೆಚ್ಚು ಸಲ ಸಮುದ್ರದಲ್ಲಿ ಮುಳುಗಿ ಎದ್ದಿದ್ದಾರೆ. ಈಗ ಈಜಿಪ್ಟಿನ ಕೆಂಪು ಸಮುದ್ರದ ದಡದಲ್ಲಿರುವ ದಹಬ್ ಎಂಬ ಊರಿಗೆ ಹೋಗಿ 'ಕ್ಲೋಸ್ಡ್ ಸರ್ಕ್ಯೂಟ್ ರಿಬ್ರೀದರ್' ಎಂಬ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಮುಳುಗುವುದನ್ನು ಕಲಿಯಬೇಕೆಂದಿದ್ದರು. ಅದಕ್ಕೆ ವೈದ್ಯರ ಒಪ್ಪಿಗೆ ಬೇಕು.

ಪತ್ನಿ ಅಷ್ಟು ಹೊತ್ತೂ ಸುಮ್ಮನಿದ್ದವರು, ನಾನು ರಕ್ತದೊತ್ತಡದ ಪಟ್ಟಿ ಸುತ್ತುತ್ತಿದ್ದಾಗ ಕೇಳಿದರು: 'ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಳ್ಳೋದಂತೆ ಡಾಕ್ಟ್ರೇ. ಒಳಗಿನ ಗಾಳಿ ಕೆಟ್ಟರೆ ಉಸಿರು ಕಟ್ಟಿ ಗೊತ್ತಾಗುತ್ತಲ್ಲ, ಆಗ ಮೇಲೆ ಬಂದುಬಿಡ್ತೀನಿ ಅಂತಾರೆ. ಗೊತ್ತಾಗುತ್ತಾ?'

ಒಳ್ಳೆಯ ಪ್ರಶ್ನೆ. 'ಗಾಳಿ ಕೆಡುವುದು ಮೂರು ಬಗೆಯಲ್ಲಿ. ಒಂದು ಬಗೆಯಲ್ಲಿ ಮಾತ್ರ ಗೊತ್ತಾಗುತ್ತದೆ, ಅದೂ ತಡವಾಗಿ' ಎಂದೆ. ಹೊರಗೆ ಇನ್ನೂ ಏಳೆಂಟು ರೋಗಿಗಳು ಕಾದಿದ್ದರಿಂದ ಅಂದು ಹೆಚ್ಚು ವಿವರಿಸಲಾಗಲಿಲ್ಲ. ಆ ಯಂತ್ರವನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕಣ್ಣಾರೆ ನೋಡುವುದೂ ಇಲ್ಲ. ಆದರೆ ಆ ಪ್ರಶ್ನೆಯ ಉತ್ತರ ಬಾವಿಗೆ ಧುಮುಕುವ ಹುಡುಗರಿಗೂ ಬೇಕಾದದ್ದು. ಆದ್ದರಿಂದ ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ಯಂತ್ರ ಮಾಡುವ ಕೆಲಸ

ನಾವು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ನೂರಕ್ಕೆ 21 ಭಾಗ ಆಮ್ಲಜನಕವಿರುತ್ತದೆ. ಹೊರಗೆ ಬಿಡುವ ಉಸಿರಿನಲ್ಲಿಯೂ 16-17 ಭಾಗ ಆಮ್ಲಜನಕ ಉಳಿದೇ ಇರುತ್ತದೆ. ಜೊತೆಗೆ ಸುಮಾರು 4 ಭಾಗ ಇಂಗಾಲದ ಡೈ ಆಕ್ಸೈಡ್ ಸೇರಿಕೊಂಡಿರುತ್ತದೆ. ಅಂದರೆ ನಾವು ಬಳಸಿಕೊಳ್ಳುವುದು ಸುಮಾರು ಕಾಲು ಭಾಗ, ಮಿಕ್ಕದ್ದನ್ನು ಹಾಗೆಯೇ ಹೊರಕ್ಕೆ ಚೆಲ್ಲುತ್ತೇವೆ. ನೆಲದ ಮೇಲೆ ಗಾಳಿ ಪುಕ್ಕಟೆಯಾದ್ದರಿಂದ ಯಾರೂ ಲೆಕ್ಕವಿಡುವುದಿಲ್ಲ. ನೀರಿನೊಳಗೆ ಲೆಕ್ಕ ಬೇರೆ. ಪ್ರತಿ 10 ಮೀಟರ್ ಆಳಕ್ಕೆ ಒಂದೊಂದು ವಾಯುಭಾರದಷ್ಟು ಒತ್ತಡ ಏರುತ್ತದೆ. 30 ಮೀಟರಿನಲ್ಲಿ ಒಟ್ಟು ಒತ್ತಡ ನಾಲ್ಕು ವಾಯುಭಾರ. ಅಲ್ಲಿ ಎಳೆಯುವ ಒಂದೊಂದು ಉಸಿರಿಗೂ ಸಿಲಿಂಡರಿನಿಂದ ನಾಲ್ಕು ಉಸಿರಿನಷ್ಟು ಗಾಳಿ ಬರಬೇಕು. ಮೇಲೆ ನಿಮಿಷಕ್ಕೆ 20 ಲೀಟರ್ ಸಾಕಾಗುವ ಮನುಷ್ಯ ಅಲ್ಲಿ 80 ಲೀಟರ್ ಖರ್ಚು ಮಾಡುತ್ತಾನೆ. 12 ಲೀಟರಿನ ಸಿಲಿಂಡರಿನಲ್ಲಿ 200 ವಾಯುಭಾರ ಒತ್ತಿ ತುಂಬಿದರೂ ಇರುವುದು 2,400 ಲೀಟರ್, ಅಂದರೆ ಅರ್ಧ ಗಂಟೆಗೆ ಮುಗಿಯುವಷ್ಟು. ಗುಳ್ಳೆ ಗುಳ್ಳೆಯಾಗಿ ಮೇಲಕ್ಕೆ ಹೋಗುವುದೆಲ್ಲ ನಷ್ಟವೇ.

ವಿಚಿತ್ರವೆಂದರೆ, ಆಳ ಎಷ್ಟೇ ಇರಲಿ ದೇಹ ಸುಡುವ ಆಮ್ಲಜನಕ ಮಾತ್ರ ಹೆಚ್ಚುವುದಿಲ್ಲ. ಸುಮ್ಮನೆ ಕುಳಿತವನಿಗೆ ನಿಮಿಷಕ್ಕೆ ಕಾಲು ಲೀಟರ್, ನಿಧಾನವಾಗಿ ಈಜುವವನಿಗೆ ಒಂದು ಲೀಟರಿನ ಆಸುಪಾಸು. ಬಿಟ್ಟ ಉಸಿರನ್ನು ಹಿಡಿದಿಟ್ಟು, ಅದರೊಳಗಿನ ಇಂಗಾಲದ ಡೈ ಆಕ್ಸೈಡನ್ನು ತೆಗೆದು, ಖರ್ಚಾದಷ್ಟೇ ಆಮ್ಲಜನಕವನ್ನು ತುಂಬಿಕೊಟ್ಟರೆ ಚಿಕ್ಕದೊಂದು ಸಿಲಿಂಡರ್ ಗಂಟೆಗಟ್ಟಲೆ ಸಾಕು. ರಿಬ್ರೀದರ್ ಮಾಡುವುದು ಇಷ್ಟೇ. ಬಾಯಿಗೆ ಕಚ್ಚಿಕೊಂಡ ತುಂಡಿನಿಂದ ಸುಕ್ಕುಗಟ್ಟಿದ ಕೊಳವೆಯ ಮೂಲಕ ಉಸಿರು ಒಂದು ಚೀಲಕ್ಕೆ ಹೋಗುತ್ತದೆ, ಅಲ್ಲಿಂದ ಸೋಡಾ ಲೈಮ್ ತುಂಬಿದ ಡಬ್ಬಿಗೆ. ಸೋಡಾ ಲೈಮ್ ಎಂದರೆ ಮುಖ್ಯವಾಗಿ ಸುಣ್ಣ, ಅದಕ್ಕೆ ಸ್ವಲ್ಪ ಕಾಸ್ಟಿಕ್ ಸೋಡಾ ಮತ್ತು ನೀರಿನಂಶ ಸೇರಿಸಿ ಮಾಡಿದ ಕಾಳುಗಳು. ಇಂಗಾಲದ ಡೈ ಆಕ್ಸೈಡ್ ಆ ಸುಣ್ಣದೊಡನೆ ಕೂಡಿ ಸೀಮೆಸುಣ್ಣವಾಗಿ ಕುಳಿತುಬಿಡುತ್ತದೆ. ಶುದ್ಧಿಯಾದ ಗಾಳಿಯ ಆಮ್ಲಜನಕವನ್ನು ಮೂರು ಸೆನ್ಸರುಗಳು ಅಳೆಯುತ್ತವೆ. ಕಡಿಮೆಯಾಗಿದ್ದರೆ ಚಿಕ್ಕ ಕಂಪ್ಯೂಟರ್ ಒಂದು ಕವಾಟ ತೆರೆದು ಆಮ್ಲಜನಕ ಬಿಡುತ್ತದೆ. ಗಾಳಿ ಇನ್ನೊಂದು ಕೊಳವೆಯಿಂದ ಮತ್ತೆ ಬಾಯಿಗೆ ಬರುತ್ತದೆ. ಇಳಿಯುವಾಗ ಚೀಲ ಒತ್ತಡಕ್ಕೆ ಕುಗ್ಗುವುದರಿಂದ ಅದನ್ನು ಉಬ್ಬಿಸಿಕೊಳ್ಳಲು ಸಾಧಾರಣ ಗಾಳಿಯ ಇನ್ನೊಂದು ಪುಟ್ಟ ಸಿಲಿಂಡರ್ ಇರುತ್ತದೆ.

ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವ ಯಂತ್ರವೂ ಇದೇ ಜಾತಿಯದು. ಅಲ್ಲಿಯೂ ಸುತ್ತುವ ಉಸಿರು, ಸೋಡಾ ಲೈಮಿನ ಡಬ್ಬಿ. ನಮ್ಮಲ್ಲಿ ಆಪರೇಷನ್ ಮಾಡಿಸಿಕೊಂಡ ಎಷ್ಟೋ ಮಂದಿ ತಮಗೆ ಗೊತ್ತಿಲ್ಲದೆಯೇ ರಿಬ್ರೀದರಿನಲ್ಲಿ ಉಸಿರಾಡಿದವರೇ. ವ್ಯತ್ಯಾಸವೊಂದಿದೆ. ಥಿಯೇಟರಿನಲ್ಲಿ ಕಾಳು ಮುಗಿಯುತ್ತ ಬಂದಂತೆ ಬಿಳಿಯಿಂದ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಇಂಗಾಲದ ಡೈ ಆಕ್ಸೈಡನ್ನು ಅಳೆಯುವ ಮಾನಿಟರ್ ಇರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ರೋಗಿಯ ತಲೆಯ ಬಳಿ ಅರಿವಳಿಕೆ ತಜ್ಞರು ಕುಳಿತಿರುತ್ತಾರೆ. ನೀರಿನೊಳಗೆ ರೋಗಿಯೂ ತಜ್ಞನೂ ಒಬ್ಬನೇ.

ಈ ಯೋಚನೆ ಹೊಸತೇನಲ್ಲ. ಇಂಗ್ಲೆಂಡಿನ ಹೆನ್ರಿ ಫ್ಲೂಸ್ ಎಂಬಾತ 1878ರಲ್ಲೇ ಇಂಥದೊಂದನ್ನು ಮಾಡಿದ್ದ. ಕಾಸ್ಟಿಕ್ ಪೊಟ್ಯಾಷಿನಲ್ಲಿ ನೆನೆಸಿದ ಹಗ್ಗದ ನಾರು ಅವನ ಶುದ್ಧೀಕರಣದ ಸಾಮಗ್ರಿ. 1880ರಲ್ಲಿ ಸೆವರ್ನ್ ನದಿಯಡಿಯ ರೈಲು ಸುರಂಗಕ್ಕೆ ನೀರು ನುಗ್ಗಿದ್ದಾಗ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಇದನ್ನು ತೊಟ್ಟು, ಕತ್ತಲಲ್ಲಿ ಸಾವಿರ ಅಡಿ ನಡೆದು ಬಾಗಿಲು ಮುಚ್ಚಿ ಬಂದ. ಮೇಲಿನಿಂದ ಗಾಳಿ ಕಳಿಸುವ ಉದ್ದನೆಯ ಕೊಳವೆ ಎಳೆದುಕೊಂಡು ಅಷ್ಟು ದೂರ ಹೋಗುವುದು ಸಾಧ್ಯವಿರಲಿಲ್ಲ.

ಉಸಿರು ಕಟ್ಟಿಸುವುದು ಯಾವುದು?

ಈಗ ಪ್ರಶ್ನೆಗೆ ಬರೋಣ. ಈ ಪುಟವನ್ನು ಓದುತ್ತಲೇ ಒಮ್ಮೆ ಉಸಿರು ಬಿಗಿಹಿಡಿಯಿರಿ. ಅರ್ಧ ನಿಮಿಷಕ್ಕೋ ಮುಕ್ಕಾಲು ನಿಮಿಷಕ್ಕೋ ಎದೆಯಲ್ಲಿ ತಳಮಳ ಹುಟ್ಟುತ್ತದೆ, ಇನ್ನು ತಡೆಯಲಾರೆ ಅನಿಸುತ್ತದೆ. ಆಮ್ಲಜನಕ ಮುಗಿಯಿತು, ಅದಕ್ಕೇ ಹೀಗೆ ಎಂದು ಎಲ್ಲರೂ ತಿಳಿಯುತ್ತಾರೆ. ತಪ್ಪು. ಆ ಹೊತ್ತಿಗೆ ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿರುತ್ತದೆ. ತಳಮಳ ಹುಟ್ಟಿಸುವುದು ಹೊರಹೋಗದೆ ಉಳಿದ ಇಂಗಾಲದ ಡೈ ಆಕ್ಸೈಡ್. ಉಸಿರಾಟದ ಹದವನ್ನು ಕಾಯುವುದು ಈ ಅನಿಲವೇ ಎಂದು 1905ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ವಿಜ್ಞಾನಿಗಳು ತೋರಿಸಿದರು. ಮೆದುಳಿನ ಬುಡದಲ್ಲಿರುವ ಜೀವಕೋಶಗಳು ಇದು ಕೂದಲೆಳೆಯಷ್ಟು ಹೆಚ್ಚಾದರೂ ಎಚ್ಚೆತ್ತು ಉಸಿರನ್ನು ಚುರುಕು ಮಾಡುತ್ತವೆ. ಆಮ್ಲಜನಕವನ್ನು ಗಮನಿಸುವ ಕಾವಲುಗಾರರೂ ಕತ್ತಿನ ಅಪಧಮನಿಗಳ ಬಳಿ ಇದ್ದಾರೆ. ಆದರೆ ಅವರು ಸ್ವಲ್ಪ ಸೋಮಾರಿಗಳು. ಆಮ್ಲಜನಕ ಬಹಳ ಕುಸಿದ ಮೇಲೆ ಕಣ್ಣು ಬಿಡುತ್ತಾರೆ. ಅವರು ಕೂಗುವುದಕ್ಕೂ ಮೆದುಳು ಮಂಕಾಗುವುದಕ್ಕೂ ನಡುವೆ ಹೆಚ್ಚು ಅಂತರವಿಲ್ಲ.

ಇದರಿಂದ ಏನಾಗುತ್ತದೆ ನೋಡಿ. ರಿಬ್ರೀದರಿನ ಸೋಡಾ ಲೈಮ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಆದರೆ ಆಮ್ಲಜನಕದ ಸಿಲಿಂಡರಿನ ಕೀಲಿ ತಿರುಗಿಸುವುದನ್ನು ಮರೆತಿದ್ದಾನೆ ಎಂದುಕೊಳ್ಳಿ. ಇಂಗಾಲದ ಡೈ ಆಕ್ಸೈಡ್ ತಪ್ಪದೆ ತೊಳೆದುಹೋಗುತ್ತಿರುವುದರಿಂದ ತಳಮಳವೇ ಇಲ್ಲ. ಚೀಲ ಮತ್ತು ಶ್ವಾಸಕೋಶಗಳಲ್ಲಿರುವ ಆಮ್ಲಜನಕ ನೀರಿನ ಮೇಲ್ಮಟ್ಟದಲ್ಲಿ ಈಜುವವನಿಗೆ ಒಂದೆರಡು ನಿಮಿಷಕ್ಕೆ ಸಾಕಾಗುವಷ್ಟು. ಅವನು ಹಾಯಾಗಿ ಉಸಿರಾಡುತ್ತಲೇ ಇರುತ್ತಾನೆ. ಕೆಲವರಿಗೆ ಖುಷಿಯೂ ಆಗುತ್ತದೆ. ಮುಂದಿನ ಕ್ಷಣ ಪ್ರಜ್ಞೆ ಇರುವುದಿಲ್ಲ. ತಲೆಸುತ್ತು, ಕಣ್ಣುಕತ್ತಲೆ ಬಂದೀತು ಎಂದು ಕಾಯುವಂತಿಲ್ಲ. ಬಂದರೂ ಅದು ತಲೆಸುತ್ತು ಎಂದು ಗುರುತಿಸಬೇಕಾದ ಮೆದುಳೇ ಮೊದಲು ಮಸುಕಾಗಿರುತ್ತದೆ. ಸೋಡಾ ಲೈಮ್ ನಮ್ಮ ಪ್ರಾಣ ಕಾಯುತ್ತಲೇ ನಮ್ಮ ಎಚ್ಚರಿಕೆಯ ಗಂಟೆಯ ನಾಲಗೆಯನ್ನೂ ಕಿತ್ತುಬಿಡುತ್ತದೆ.

ಇಲ್ಲಿ ಎರಡು ಮಾತು ಮನೆಮಂದಿಗೆ. ಬೇಸಿಗೆ ರಜೆಯಲ್ಲಿ ಬಾವಿ, ಕೆರೆ, ಈಜುಕೊಳಗಳಲ್ಲಿ ಹುಡುಗರು 'ಯಾರು ಹೆಚ್ಚು ಹೊತ್ತು ಮುಳುಗಿರ್ತಾರೆ' ಎಂದು ಪಂದ್ಯ ಕಟ್ಟುತ್ತಾರೆ. ಧುಮುಕುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರು ಎಳೆದು ಬಿಟ್ಟರೆ ಹೆಚ್ಚು ಹೊತ್ತು ಇರಬಹುದು ಎಂಬ ಉಪಾಯವೂ ಅವರಿಗೆ ಗೊತ್ತು. ಇರಬಹುದು, ನಿಜ. ಆದರೆ ಹಾಗೆ ಮಾಡಿದಾಗ ರಕ್ತದ ಆಮ್ಲಜನಕ ಹೆಚ್ಚೇನೂ ಏರುವುದಿಲ್ಲ. ಇಂಗಾಲದ ಡೈ ಆಕ್ಸೈಡ್ ಮಾತ್ರ ಇಳಿದುಹೋಗುತ್ತದೆ. ಮೇಲೆ ಬಾ ಎಂದು ಎದೆ ಹೇಳುವ ಮೊದಲೇ ಆಮ್ಲಜನಕ ಮುಗಿದು, ಹುಡುಗ ನೀರಿನೊಳಗೇ ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತಾನೆ. ಒಳ್ಳೆಯ ಈಜುಗಾರರೇ ಹೀಗೆ ಹೋಗುವುದು ಹೆಚ್ಚು. ಈ ಪಂದ್ಯವನ್ನು ಕಂಡಲ್ಲಿ ನಿಲ್ಲಿಸಿ.

ಎರಡನೆಯದು ಉತ್ತರ ಕರ್ನಾಟಕದವರಿಗೆ ಹೊಸತಾಗಿ ಹೇಳಬೇಕಾಗಿಲ್ಲ. ಹಗೇವಿನಲ್ಲಿಟ್ಟ ಜೋಳವೂ ಉಸಿರಾಡುತ್ತದೆ, ಒಳಗಿನ ಆಮ್ಲಜನಕವನ್ನು ತಿಂದು ಇಂಗಾಲದ ಡೈ ಆಕ್ಸೈಡ್ ಬಿಟ್ಟಿರುತ್ತದೆ. ಬಾಯಿ ತೆರೆದು ಗಾಳಿಯಾಡಲು ಬಿಡದೆ ಇಳಿದವನು ಕೂಗುವ ಮೊದಲೇ ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ದೀಪ ಇಳಿಬಿಟ್ಟು ನೋಡುತ್ತಿದ್ದ ಹಿರಿಯರ ಕೈಯಲ್ಲಿ ಸೆನ್ಸರ್ ಇರಲಿಲ್ಲ. ಆದರೆ ತನ್ನ ಎದೆಯನ್ನು ನಂಬಬಾರದು, ಬೇರೊಂದು ವಸ್ತುವನ್ನು ನೋಡಿ ತಿಳಿಯಬೇಕು ಎಂಬುದು ಅವರಿಗೆ ಗೊತ್ತಿತ್ತು. ರಿಬ್ರೀದರ್ ಕಲಿಯುವವನಿಗೆ ಮೊದಲ ದಿನ ಹೇಳಿಕೊಡುವುದೂ ಇದನ್ನೇ.

ಹೆಚ್ಚಾದರೆ ಅಮೃತವೂ ವಿಷ

ಹಾಗಾದರೆ ಆಮ್ಲಜನಕವನ್ನು ಧಾರಾಳವಾಗಿಯೇ ಬಿಟ್ಟುಕೊಂಡರಾಯಿತಲ್ಲ ಎನ್ನಬಹುದು. ಅದು ಎರಡನೆಯ ಅಪಾಯ. ಒತ್ತಡದಲ್ಲಿರುವ ಆಮ್ಲಜನಕ ಮೆದುಳಿಗೆ ವಿಷ ಎಂದು ಫ್ರಾನ್ಸಿನ ಪಾಲ್ ಬೆರ್ 1878ರಷ್ಟು ಹಿಂದೆಯೇ ಬರೆದಿದ್ದ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಮುಳುಗುಗಾರರು ಶುದ್ಧ ಆಮ್ಲಜನಕದ ರಿಬ್ರೀದರುಗಳನ್ನು ತೊಟ್ಟು ಇಳಿಯತೊಡಗಿದಾಗ ಕೆನೆತ್ ಡೊನಾಲ್ಡ್ ಎಂಬ ವೈದ್ಯ ಇದನ್ನು ನೂರಾರು ಪ್ರಯೋಗಗಳಲ್ಲಿ ಪರೀಕ್ಷಿಸಿದ. ತುಟಿ ಅದುರುವುದು, ಕಿವಿಯಲ್ಲಿ ಸದ್ದು, ವಾಕರಿಕೆ, ಕೊನೆಗೆ ಮೂರ್ಛೆರೋಗದಂತಹ ಸೆಳೆತ. ಎಷ್ಟೋ ಸಲ ಮುನ್ಸೂಚನೆಯೇ ಇಲ್ಲದೆ ನೇರವಾಗಿ ಸೆಳೆತ. ಡೊನಾಲ್ಡ್ ಕಂಡ ಇನ್ನೊಂದು ಸಂಗತಿ ವೈದ್ಯರಾದ ನಮಗೆ ಬಹಳ ಮುಖ್ಯ: ಒಬ್ಬನು ತಡೆದುಕೊಂಡಷ್ಟನ್ನು ಇನ್ನೊಬ್ಬ ತಡೆಯುವುದಿಲ್ಲ, ಅಷ್ಟೇ ಅಲ್ಲ, ಅದೇ ಮನುಷ್ಯ ಇಂದು ತಡೆದುಕೊಂಡದ್ದನ್ನು ನಾಳೆ ತಡೆಯುವುದಿಲ್ಲ. 'ನನಗೆ ಹೋದ ಸಲ ಏನೂ ಆಗಲಿಲ್ಲ' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಆ ಕಾಲದಲ್ಲಿ ತಮ್ಮ ಮೈಮೇಲೆಯೇ ಇಂಥ ಪ್ರಯೋಗ ಮಾಡಿಕೊಂಡವರಲ್ಲಿ ಮೇಲೆ ಹೇಳಿದ ಹಾಲ್ಡೇನರ ಮಗ ಜೆ.ಬಿ.ಎಸ್. ಹಾಲ್ಡೇನ್ ಕೂಡ ಒಬ್ಬರು. ಆಮ್ಲಜನಕದಿಂದ ಬಂದ ಸೆಳೆತದ ರಭಸಕ್ಕೆ ಅವರ ಬೆನ್ನುಮೂಳೆಗೇ ಪೆಟ್ಟಾಯಿತು. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಇವರೇ.

ಆಸ್ಪತ್ರೆಯ ಒತ್ತಡದ ಕೋಣೆಯಲ್ಲಿ ಇಂಥ ಸೆಳೆತ ಬಂದರೆ ಆಮ್ಲಜನಕ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ರೋಗಿ ಸುಧಾರಿಸುತ್ತಾನೆ. ನೀರಿನೊಳಗೆ ಹಾಗಲ್ಲ, ಬಾಯಿಯ ತುಂಡು ಜಾರಿತೆಂದರೆ ಮುಂದಿನ ಉಸಿರು ನೀರೇ. ಆದ್ದರಿಂದ ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಆಳದಲ್ಲಿ ಉಸಿರಾಡಬಾರದೆಂಬ ಮಿತಿಯಿದೆ. ಅಲ್ಲಿ ಅದರ ಒತ್ತಡ 1.6 ವಾಯುಭಾರ. ರಿಬ್ರೀದರ್ ಯಂತ್ರ ಸಾಮಾನ್ಯವಾಗಿ ಆಳದಲ್ಲಿ ಆಮ್ಲಜನಕದ ಪಾಲನ್ನು 1.3ರ ಸುಮಾರಿನಲ್ಲಿ ಹಿಡಿದಿಡುತ್ತದೆ. ನಾವು ನೆಲದ ಮೇಲೆ ಉಸಿರಾಡುವುದು 0.21. ಅದು 0.16ಕ್ಕಿಂತ ಕೆಳಗಿಳಿದರೆ ಅಪಾಯ, 0.10ರ ಹತ್ತಿರ ಬಂದರೆ ಪ್ರಜ್ಞೆ ಹೋಗುತ್ತದೆ. ಈ ಎರಡು ಅಂಚುಗಳ ನಡುವೆ ಯಂತ್ರ ನಡೆಯಬೇಕು. ಅಂಚು ದಾಟಿದ್ದನ್ನು ಹೇಳುವ ಇಂದ್ರಿಯ ನಮ್ಮ ಮೈಯಲ್ಲಿಲ್ಲ.

ಹೇಳುವುದು ಸೆನ್ಸರುಗಳು. ಅವುಗಳದ್ದೂ ಒಂದು ಕಥೆ. ಪ್ರತಿಯೊಂದೂ ಸೀಸವಿರುವ ಚಿಕ್ಕ ಬ್ಯಾಟರಿಯಂಥದು. ಆಮ್ಲಜನಕ ತಗುಲಿದಷ್ಟು ವಿದ್ಯುತ್ ಹುಟ್ಟಿಸುತ್ತದೆ, ಹುಟ್ಟಿಸುತ್ತಲೇ ಸವೆಯುತ್ತದೆ. ವರ್ಷ, ಒಂದೂವರೆ ವರ್ಷಕ್ಕೆ ಬದಲಾಯಿಸಬೇಕು. ಮುದಿಯಾದ ಸೆನ್ಸರ್ ಕಡಿಮೆ ಆಮ್ಲಜನಕವನ್ನು ಸರಿಯಾಗಿಯೇ ತೋರಿಸುತ್ತ, ಹೆಚ್ಚಿನದಕ್ಕೆ ಮಾತ್ರ ಮೇಲೇರಲಾರದೆ ನಿಂತುಬಿಡುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಆಮ್ಲಜನಕ ಸುರಿಯುತ್ತದೆ. ಮೂರು ಸೆನ್ಸರ್ ಇಟ್ಟು ಎರಡು ಒಪ್ಪಿದ್ದನ್ನು ಸತ್ಯವೆಂದು ತೆಗೆದುಕೊಳ್ಳುವ ವ್ಯವಸ್ಥೆಯಿದೆ. ಆದರೆ ಒಟ್ಟಿಗೆ ಕೊಂಡ ಎರಡು ಹಳೆಯ ಸೆನ್ಸರುಗಳು ಒಂದೇ ರೀತಿ ಕೆಟ್ಟರೆ, ಸರಿಯಾಗಿರುವ ಮೂರನೆಯದು ಬಹುಮತದಲ್ಲಿ ಸೋಲುತ್ತದೆ!

ಗೊತ್ತಾಗುವ ವಿಷ

ಮೂರನೆಯದು ಇಂಗಾಲದ ಡೈ ಆಕ್ಸೈಡ್. ಸೋಡಾ ಲೈಮ್ ಹಳತಾಗಿದ್ದರೆ, ಡಬ್ಬಿಯಲ್ಲಿ ಸಡಿಲವಾಗಿ ತುಂಬಿ ಗಾಳಿ ಒಂದೇ ದಾರಿಯಲ್ಲಿ ನುಸುಳುವಂತಾಗಿದ್ದರೆ, ಒಂದು ರಬ್ಬರ್ ಉಂಗುರ ಹಾಕುವುದು ಮರೆತಿದ್ದರೆ, ಅನಿಲ ಶುದ್ಧಿಯಾಗದೆ ಹಾಗೆಯೇ ಮರಳಿ ಬರುತ್ತದೆ. ಅನೇಕ ಯಂತ್ರಗಳಲ್ಲಿ ಹಿಡಿಸುವುದು ಎರಡೂವರೆ ಕಿಲೋ ಆಸುಪಾಸು, ಅದರ ಆಯುಷ್ಯ ಸುಮಾರು ಮೂರು ಗಂಟೆ; ತಣ್ಣೀರಿನಲ್ಲಿ, ಹೆಚ್ಚು ಆಳದಲ್ಲಿ ಇನ್ನೂ ಕಡಿಮೆ. ಉಳಿತಾಯವೆಂದು ಬಳಸಿದ್ದನ್ನೇ ಬಳಸುವವರೂ ಇದ್ದಾರೆ. ಸಾವಿರಾರು ರೂಪಾಯಿ ವಿಮಾನಕ್ಕೆ ಕೊಟ್ಟು ಹೋದವರು ಸುಣ್ಣದಲ್ಲಿ ಉಳಿಸುವುದನ್ನು ಏನೆನ್ನಬೇಕೋ ತಿಳಿಯದು.

ಇದಕ್ಕಾದರೆ ದೇಹದ ಗಂಟೆಯಿದೆ. ತಲೆನೋವು, ಏದುಸಿರು, ಕಾರಣವಿಲ್ಲದ ಭಯ. ಆದರೆ ಗಂಟೆ ಬಾರಿಸಿದಾಗ ಬಾಯಿಯ ತುಂಡನ್ನು ಬಿಟ್ಟು ಪಕ್ಕದಲ್ಲಿ ಕಟ್ಟಿಕೊಂಡಿರುವ ತುರ್ತು ಸಿಲಿಂಡರಿನಿಂದ ಉಸಿರಾಡಬೇಕು. ಏದುಸಿರಿನ ಮಧ್ಯೆ ಕ್ಷಣಮಾತ್ರವೂ ಬಾಯಿ ಬಿಡಲು ಧೈರ್ಯವಾಗುವುದಿಲ್ಲ ಎಂದು ಬದುಕಿ ಬಂದವರು ಹೇಳುತ್ತಾರೆ. ಜೊತೆಗೆ ಇಂಗಾಲದ ಡೈ ಆಕ್ಸೈಡ್ ಹೆಚ್ಚಾದ ಮೆದುಳು ವಿವೇಚನೆಯನ್ನೂ ಕಳೆದುಕೊಳ್ಳುತ್ತದೆ. 1939ರ ಜೂನ್ 1ರಂದು ಇಂಗ್ಲೆಂಡಿನ ಲಿವರ್‌ಪೂಲ್ ಕೊಲ್ಲಿಯಲ್ಲಿ ಥೆಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತರು. ಹೊರಬರುವ ಸಾಧನವಿದ್ದರೂ ಬದುಕಿದವರು ನಾಲ್ವರೇ. ಒಳಗೆ ಸಿಕ್ಕಿಕೊಂಡವರ ಮೇಲೆ ಈ ಅನಿಲ ಮಾಡಿದ ಪರಿಣಾಮವನ್ನು ತಿಳಿಯಲು ಆಮೇಲೆ ಪ್ರಯೋಗಕ್ಕೆ ಕುಳಿತವರೂ ಅದೇ ಜೆ.ಬಿ.ಎಸ್. ಹಾಲ್ಡೇನ್.

ಸೋಡಾ ಲೈಮ್ ಇದ್ದೂ ಈ ವಿಷ ಏರಬಹುದು ಎಂಬುದಕ್ಕೆ ದಾರುಣವಾದ ಉದಾಹರಣೆಯೊಂದಿದೆ. ದಕ್ಷಿಣ ಆಫ್ರಿಕದ ಬುಷ್‌ಮನ್ಸ್ ಹೋಲ್ ಎಂಬ ನೀರುಗುಹೆಯಲ್ಲಿ 1994ರಲ್ಲಿ ಡಿಯೋನ್ ಡ್ರೇಯರ್ ಎಂಬ ಇಪ್ಪತ್ತು ವರ್ಷದ ಯುವಕ ಸತ್ತಿದ್ದ. ಹತ್ತು ವರ್ಷಗಳ ನಂತರ ಸುಮಾರು 270 ಮೀಟರ್ ಆಳದಲ್ಲಿ ಆ ದೇಹವನ್ನು ಕಂಡವರು ಡೇವ್ ಶಾ ಎಂಬ ಆಸ್ಟ್ರೇಲಿಯದ ಪೈಲಟ್. ಅದನ್ನು ಹೆತ್ತವರಿಗೆ ಒಪ್ಪಿಸುವೆನೆಂದು 2005ರ ಜನವರಿ 8ರಂದು ರಿಬ್ರೀದರ್ ತೊಟ್ಟು ಮತ್ತೆ ಇಳಿದರು. ತಲೆಯ ಮೇಲಿನ ಕ್ಯಾಮೆರಾದಲ್ಲಿ ಅವರ ಉಸಿರಿನ ಸದ್ದೆಲ್ಲ ದಾಖಲಾಗಿದೆ. ಅಷ್ಟು ಒತ್ತಡದಲ್ಲಿ ಅನಿಲ ಎಷ್ಟು ಸಾಂದ್ರವಾಗಿರುತ್ತದೆಂದರೆ ಅದನ್ನು ಎಳೆದು ಬಿಡುವುದೇ ದೊಡ್ಡ ದುಡಿಮೆ. ದೇಹವನ್ನು ಚೀಲಕ್ಕೆ ಸೇರಿಸಲು ಶ್ರಮಪಟ್ಟಂತೆ ಇಂಗಾಲದ ಡೈ ಆಕ್ಸೈಡ್ ಹೆಚ್ಚಾಯಿತು. ಅದನ್ನು ಹೊರಹಾಕಲು ಜೋರಾಗಿ ಉಸಿರಾಡಿದಂತೆ ಉಸಿರಾಟದ ಶ್ರಮವೇ ಇನ್ನಷ್ಟು ಅನಿಲ ಹುಟ್ಟಿಸಿತು. ಉಸಿರು ಚುರುಕಾಗುತ್ತ, ಮೇಲುಮೇಲಾಗುತ್ತ ಹೋಗಿ ನಿಂತಿತು. ವೈದ್ಯರು ಆ ದಾಖಲೆಯನ್ನು ವಿಶ್ಲೇಷಿಸಿ ಬರೆದ ಲೇಖನ 2007ರಲ್ಲಿ ಪ್ರಕಟವಾಗಿದೆ. ಕೆಲವು ದಿನಗಳ ಬಳಿಕ ಹಗ್ಗ ಎಳೆದಾಗ ಎರಡೂ ದೇಹಗಳು ಮೇಲೆ ಬಂದವು.

ಮೊದಲ ಹಂತದ ವಿದ್ಯಾರ್ಥಿ ಅಂಥ ಆಳದ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಬಿರುಸಾಗಿ ಈಜಬಾರದು, ಏದುಸಿರು ಬಂದ ಕೂಡಲೇ ನಿಲ್ಲಬೇಕು ಎಂಬ ಪಾಠ 20 ಮೀಟರಿನಲ್ಲೂ ಅದೇ.

ನೀರಿಗಿಳಿಯುವ ಮೊದಲು ದಡದಲ್ಲೇ ಐದು ನಿಮಿಷ ಕುಳಿತು ಯಂತ್ರದಿಂದ ಉಸಿರಾಡಿ ನೋಡುವ ಪದ್ಧತಿಯಿದೆ. ಸೋಡಾ ಲೈಮ್ ಕೆಟ್ಟಿದ್ದರೆ ಗೊತ್ತಾಗುತ್ತದೆ ಎಂದು ಬಹುಕಾಲ ನಂಬಿದ್ದರು. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೂತವರಿಗೆ ತಿಳಿಸದೆ ಸೋಡಾ ಲೈಮನ್ನೇ ತೆಗೆದುಬಿಟ್ಟಾಗಲೂ ಕೆಲವರಿಗೆ ಐದು ನಿಮಿಷದಲ್ಲಿ ಏನೂ ಅನಿಸಲಿಲ್ಲ. ಅರೆಬರೆ ಕೆಡಿಸಿಟ್ಟಾಗಲಂತೂ ಹೆಚ್ಚಿನವರಿಗೆ ತಿಳಿಯಲೇ ಇಲ್ಲ. ಆದರೂ ಆ ಐದು ನಿಮಿಷ ವ್ಯರ್ಥವಲ್ಲ. ಆಮ್ಲಜನಕದ ಕೀಲಿ ತೆರೆದಿದೆಯೇ, ಸೆನ್ಸರುಗಳು ಎಚ್ಚರವಾಗಿವೆಯೇ ಎಂಬುದು ಆಗ ತಿಳಿಯುತ್ತದೆ.

ಕಲಿಯುವುದೆಂದರೆ

ನಮ್ಮ ಇಂಜಿನಿಯರ್ ದಹಬಿನಿಂದ ಬಂದ ಮೇಲೆ ಹೇಳಿದ್ದನ್ನು ಇಲ್ಲಿ ಸೇರಿಸುತ್ತೇನೆ. ತರಬೇತಿ ಆರು ದಿನ. ಮೊದಲ ದಿನವಿಡೀ ನೀರು ಮುಟ್ಟಲಿಲ್ಲವಂತೆ. ಯಂತ್ರ ಬಿಚ್ಚುವುದು, ಜೋಡಿಸುವುದು, ಡಬ್ಬಿಗೆ ಕಾಳು ತುಂಬಿ ತಟ್ಟಿ ಕೂರಿಸುವುದು, ಪಟ್ಟಿ ಹಿಡಿದು ಒಂದೊಂದನ್ನೂ ಗಟ್ಟಿಯಾಗಿ ಓದಿ ಗುರುತು ಹಾಕುವುದು. ಬಾಯಿಪಾಠ ಬಂದರೂ ಪಟ್ಟಿಯನ್ನು ನೋಡಿಯೇ ಮಾಡಬೇಕು.

ಎರಡನೆಯ ದಿನ ನೀರಿಗಿಳಿದಾಗ ಅವರಿಗೆ ಅವಮಾನವೇ ಆಯಿತಂತೆ. ಸಾಧಾರಣ ಸ್ಕೂಬಾದಲ್ಲಿ ದೀರ್ಘವಾಗಿ ಉಸಿರೆಳೆದರೆ ಮೈ ತುಸು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಪಳಗಿದವರು ಉಸಿರಿನಿಂದಲೇ ಮಟ್ಟ ಕಾಯ್ದುಕೊಳ್ಳುತ್ತಾರೆ. ರಿಬ್ರೀದರಿನಲ್ಲಿ ಶ್ವಾಸಕೋಶ ಬಿಟ್ಟದ್ದು ಚೀಲಕ್ಕೆ ಹೋಗುವುದರಿಂದ ಒಟ್ಟು ಗಾತ್ರ ಬದಲಾಗುವುದೇ ಇಲ್ಲ. ನೂರು ಸಲ ಮುಳುಗಿದವರು ಮೊದಲ ದಿನದ ಹುಡುಗನಂತೆ ಮೇಲಕ್ಕೂ ಕೆಳಕ್ಕೂ ಓಲಾಡಿದರು. ಬಾಯಿಯ ತುಂಡನ್ನು ಕೀಲಿ ಮುಚ್ಚದೆ ತೆಗೆದರೆ ನೀರು ಒಳನುಗ್ಗಿ, ಕಾಸ್ಟಿಕ್ ಸೇರಿದ ಸುಣ್ಣದ ನೀರು ಗಂಟಲು ಸುಡಬಹುದು. ಹಾಗಾಗಿ ಮಾತಾಡಲು ತಲೆಯೆತ್ತಿದಾಗಲೂ ಮೊದಲು ಕೀಲಿ.

ಮೂರನೆಯ ದಿನ ನಡೆದದ್ದನ್ನು ಅವರು ಸಂಕೋಚದಿಂದಲೇ ಹೇಳಿದರು. ಗುಳ್ಳೆಯ ಸದ್ದಿಲ್ಲದ್ದರಿಂದ ಮೀನುಗಳು ಹೆದರದೆ ಮುಖದ ಬಳಿಗೇ ಬರುತ್ತವೆ. ಬಂಡೆಯ ಸಂದಿನಲ್ಲೊಂದು ಆಕ್ಟೋಪಸ್ ಬಣ್ಣ ಬದಲಾಯಿಸುತ್ತಿತ್ತು. ನೋಡುತ್ತ ನಿಂತರು. ಹೆಗಲ ಮೇಲೆ ಗುರುವಿನ ಕೈ ಬಿತ್ತು. ಕಣ್ಣಿನ ಮುಂದಿನ ದೀಪವನ್ನೂ ಮಣಿಕಟ್ಟಿನ ಪರದೆಯನ್ನೂ ತನ್ನ ಅಂಗೈಯಿಂದ ಮುಚ್ಚಿ, ಈಗ ಆಮ್ಲಜನಕ ಎಷ್ಟಿದೆ ಎಂದು ಸನ್ನೆಯಲ್ಲಿ ಕೇಳಿದ. ಇವರಿಗೆ ಗೊತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ನೋಡಿಲ್ಲ ಎಂಬುದೂ ಗೊತ್ತಿರಲಿಲ್ಲ. ಗುರು ಹೆಬ್ಬೆರಳು ಮೇಲೆತ್ತಿದ. ಅಂದಿನ ಪಾಠ ಅಲ್ಲಿಗೇ ಮುಗಿಯಿತು. 'ಉಸಿರಾಟ ಅಷ್ಟು ಸುಖವಾಗಿತ್ತು ಡಾಕ್ಟ್ರೇ, ನೋಡಬೇಕು ಅಂತಲೇ ಅನಿಸಲಿಲ್ಲ' ಎಂದರು. ಅನಿಸುವುದಿಲ್ಲ, ಅದೇ ತೊಂದರೆ.

ಉಳಿದ ದಿನಗಳೆಲ್ಲ ಅಭ್ಯಾಸ. ಸಂಖ್ಯೆಯ ಮೇಲೆ ಅನುಮಾನ ಬಂದರೆ ಚೀಲದ ಗಾಳಿಯನ್ನೆಲ್ಲ ಹೊರಹಾಕಿ ಗೊತ್ತಿರುವ ಗಾಳಿಯನ್ನು ತುಂಬಿಕೊಳ್ಳಬೇಕು. 30 ಮೀಟರಿನಲ್ಲಿ ಸಾಧಾರಣ ಗಾಳಿ ತುಂಬಿದರೆ ಆಮ್ಲಜನಕ ನಾಲ್ಕು ಗುಣಿಸು 0.21, ಅಂದರೆ 0.84 ಇರಲೇಬೇಕು. ಸೆನ್ಸರ್ ಬೇರೇನಾದರೂ ಹೇಳಿದರೆ ಸೆನ್ಸರೇ ಸುಳ್ಳು. ಮೇಲೇರುವಾಗ ಒತ್ತಡ ಇಳಿದು ಆಮ್ಲಜನಕದ ಪಾಲೂ ತಾನಾಗಿ ಇಳಿಯುವುದರಿಂದ ಆಗ ಇನ್ನೂ ಹೆಚ್ಚು ಸಲ ನೋಡಬೇಕು. ಏನೂ ತೋಚದಿದ್ದರೆ ಯೋಚಿಸುತ್ತ ಕೂರದೆ ತುರ್ತು ಸಿಲಿಂಡರಿಗೆ ಬಾಯಿ ಬದಲಾಯಿಸಿ ಮೇಲೆ ಬರಬೇಕು. ಒಂದು ಯಂತ್ರದಲ್ಲಿ ಕಲಿತದ್ದು ಇನ್ನೊಂದು ಕಂಪನಿಯ ಯಂತ್ರಕ್ಕೆ ಸಾಲದು, ಮತ್ತೆ ಕಲಿಯಬೇಕು.

ಆ್ಯಂಡ್ರೂ ಫಾಕ್ ಎಂಬ ಆಸ್ಟ್ರೇಲಿಯದ ವೈದ್ಯರು 1998ರಿಂದ 2010ರವರೆಗೆ ರಿಬ್ರೀದರಿನಲ್ಲಿ ಸತ್ತ ಹವ್ಯಾಸಿಗಳ ದಾಖಲೆಗಳನ್ನು ಕಲೆಹಾಕಿದಾಗ ಸಿಕ್ಕಿದ್ದು 181 ಸಾವು. ಸಾಧಾರಣ ಸ್ಕೂಬಾಕ್ಕಿಂತ ಅಪಾಯ ಹಲವು ಪಟ್ಟು ಹೆಚ್ಚೆಂಬುದು ಅವರ ಅಂದಾಜು. ಇದನ್ನು ನಾನು ಆ ದಂಪತಿಗೆ ಮುಚ್ಚಿಡಲಿಲ್ಲ.

ಸಹಿ ಹಾಕುವ ಮೊದಲು

ಮತ್ತೆ ಆ ಸಂಜೆಗೆ ಬಂದರೆ, ನನ್ನ ಕೆಲಸ ಅವರ ದೇಹ ನೋಡುವುದು. ಕಿವಿಯ ತಮಟೆ ಸರಿಯಿದೆಯೇ, ಮೂಗು ಹಿಡಿದು ಊದಿದಾಗ ಅದು ಅಲುಗುತ್ತದೆಯೇ? ಆಸ್ತಮಾ, ಮೂರ್ಛೆರೋಗ, ಶ್ವಾಸಕೋಶದ ಗಾಳಿ ಎದೆಗೂಡಿಗೆ ಸೋರಿದ ಹಿಂದಿನ ಚರಿತ್ರೆ ಇದೆಯೇ? ಇದ್ದರೆ ತಜ್ಞರ ಅಭಿಪ್ರಾಯವಿಲ್ಲದೆ ಮುಂದುವರಿಯುವಂತಿಲ್ಲ. ಮೂರ್ಛೆರೋಗವಿದ್ದವರಿಗಂತೂ ಬೇಡವೆನ್ನುತ್ತೇನೆ. ಇವೆಲ್ಲ ಅವರಿಗಿರಲಿಲ್ಲ. ಆದರೆ ರಕ್ತದೊತ್ತಡ 158/100. ಹತ್ತು ನಿಮಿಷ ಬಿಟ್ಟು ನೋಡಿದಾಗಲೂ ಹೆಚ್ಚೂಕಡಿಮೆ ಅಷ್ಟೇ. ಅವರಿಗೆ ಅದರ ಸುಳಿವೇ ಇರಲಿಲ್ಲ.

ನೀರಿನಲ್ಲಿ ಮುಳುಗಿದ ಕೂಡಲೇ ಕೈಕಾಲುಗಳ ರಕ್ತ ಎದೆಯ ಕಡೆಗೆ ಸರಿದು ಹೃದಯದ ಹೊರೆ ಹೆಚ್ಚುತ್ತದೆ. ರಕ್ತದೊತ್ತಡವಿರುವವರಿಗೆ ಕೆಲವೊಮ್ಮೆ ಮುಳುಗಿದ್ದಾಗಲೇ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಉಸಿರು ಸಿಕ್ಕಿಕೊಳ್ಳುತ್ತದೆ. ಬೆನ್ನ ಮೇಲೆ ಮೂವತ್ತು ಕಿಲೋ ಹೊತ್ತು ದಡ ಹತ್ತುವುದೂ ಸಣ್ಣ ಶ್ರಮವಲ್ಲ. ನಲವತ್ತು ದಾಟಿದ ಹವ್ಯಾಸಿಗಳಲ್ಲಿ ಯಂತ್ರದ ತಪ್ಪೆಂದು ಕಾಣುವ ಕೆಲವು ಸಾವುಗಳು ನಿಜಕ್ಕೂ ಹೃದಯದವು. ಅಂದು ಸಹಿ ಹಾಕದೆ ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ, ರಕ್ತ ಪರೀಕ್ಷೆ ಬರೆದುಕೊಟ್ಟೆ. ಉಪ್ಪಿನಕಾಯಿ, ಹಪ್ಪಳಕ್ಕೆ ಕಡಿವಾಣ ಹಾಕಿ ಮಾತ್ರೆ ಶುರುಮಾಡಿದೆ. ಮುಖ ಸಪ್ಪೆ ಮಾಡಿಕೊಂಡು ಹೋದರು. ವಿಮಾನದ ಟಿಕೆಟ್ ಆಗಲೇ ಕೊಂಡಿದ್ದರಂತೆ.

ಮೂರು ತಿಂಗಳ ನಂತರ ಒತ್ತಡ 128/82ಕ್ಕೆ ಬಂತು, ತೂಕ ಐದು ಕಿಲೋ ಇಳಿದಿತ್ತು, ಟ್ರೆಡ್‌ಮಿಲ್‌ನಲ್ಲಿ ತೊಂದರೆ ಕಾಣಲಿಲ್ಲ. ಆಗ ಸಹಿ ಹಾಕಿದೆ. ನಮೂನೆಯಲ್ಲಿ ಕಿವಿ, ಮೂಗು, ಹೃದಯ ಎಲ್ಲಕ್ಕೂ ಒಂದೊಂದು ಚೌಕವಿತ್ತು. ಈ ಮನುಷ್ಯ ಹೊರಟ ಮೇಲೆ ಮನೆಯ ಗ್ಯಾಸ್ ಆರಿಸಿದ್ದೇನೆಯೇ ಎಂದು ತಿರುಗಿ ಹೋಗಿ ನೋಡುವ ಜಾತಿಯವನೇ ಎಂಬುದಕ್ಕೆ ಚೌಕವಿರಲಿಲ್ಲ. ಪತ್ನಿಯನ್ನೇ ಕೇಳಿದೆ. 'ಎರಡು ಸಲ ನೋಡ್ತಾರೆ ಡಾಕ್ಟ್ರೇ, ಅದಕ್ಕೇ ಎಲ್ಲಿಗೆ ಹೋದರೂ ತಡ' ಎಂದರು.

ಈಗಲೂ ಎರಡು ತಿಂಗಳಿಗೊಮ್ಮೆ ಒತ್ತಡ ತೋರಿಸಲು ಬರುತ್ತಾರೆ. ಕಳೆದ ಸಲ ಮಾತ್ರೆ ಬಿಡಬಹುದೇ ಎಂದು ಕೇಳಿದರು, ಬೇಡ ಎಂದಿದ್ದೇನೆ.